ಓವನ್ ಇಲ್ಲದೆ ಚೀಸ್‌ಕೇಕ್: ಕಟ್ಟಿದ ಮೊಸರು, ಕೆನೆ ಮತ್ತು ಚೈನಾ ಗ್ರಾಸ್‌ನಿಂದ ಮನೆಯಲ್ಲೇ ಮಾಡುವ ಕ್ರಮ

ಓವನ್‌ನಲ್ಲಿ ಬೇಯಿಸುವ ಚೀಸ್‌ಕೇಕ್‌ಗೆ ಗಟ್ಟಿತನ ಬರುವುದು ಬಹುಪಾಲು ಮೊಟ್ಟೆಯಿಂದ. ಬಿಸಿ ತಾಗಿದಾಗ ಮೊಟ್ಟೆಯ ಪ್ರೋಟೀನು ಹೆಪ್ಪುಗಟ್ಟಿ ಇಡೀ ಮಿಶ್ರಣವನ್ನು ಹಿಡಿದು ನಿಲ್ಲಿಸುತ್ತದೆ. ಬೇಯಿಸದ ಚೀಸ್‌ಕೇಕ್‌ನಲ್ಲಿ ಮೊಟ್ಟೆಯೂ ಇಲ್ಲ, ಓವನ್ನಿನ ಬಿಸಿಯೂ ಇಲ್ಲ. ಆ ಕೆಲಸವನ್ನು ಬೇರೆ ಯಾವುದಾದರೂ ಮಾಡಲೇಬೇಕು. ಫ್ರಿಡ್ಜ್‌ನಲ್ಲಿ ಇಟ್ಟರೆ ತಾನಾಗಿಯೇ ಗಟ್ಟಿಯಾಗುತ್ತದೆ ಎಂದು ನಂಬಿಕೊಂಡು ಮೊಸರು, ಕೆನೆ, ಸಕ್ಕರೆಗಳನ್ನು ಕಲಸಿ ಒಳಗಿಟ್ಟವರು ಮರುದಿನ ಟಿನ್ ಬಿಚ್ಚಿದಾಗ ತಣ್ಣಗಿನ ಲಸ್ಸಿಯನ್ನು ಕಾಣುತ್ತಾರೆ. ಹಾಗಾಗಿ ಅಳತೆಗಳಿಗೆ ಹೋಗುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕೆಂದು ನನ್ನ ಆಗ್ರಹ: ನಾನು ಮಾಡಹೊರಟಿರುವ ತಿನಿಸನ್ನು ಹಿಡಿದು ನಿಲ್ಲಿಸುವುದು ಯಾವುದು? ಈ ಪ್ರಶ್ನೆಗೆ ಸ್ಪಷ್ಟ ಉತ್ತರವಿದ್ದರೆ ಅಂಗಡಿಯಲ್ಲಿ ಒಂದು ಸಾಮಾನು ಸಿಗದಿದ್ದಾಗ ಅದರ ಬದಲು ಏನು ಹಾಕಬಹುದು, ಏನು ಹಾಕಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಹಿಡಿದು ನಿಲ್ಲಿಸುವ ವಸ್ತುಗಳು

ಮೊದಲನೆಯದು ಕೊಬ್ಬು. ಕ್ರೀಮ್ ಚೀಸ್‌ನಲ್ಲಿ, ಚೆನ್ನಾಗಿ ಕಡೆದು ಉಬ್ಬಿಸಿದ ಕೆನೆಯಲ್ಲಿ ಇರುವ ಹಾಲಿನ ಕೊಬ್ಬು ತಣ್ಣಗಾದಾಗ ಗಟ್ಟಿಯಾಗಿ ತನ್ನ ನಡುವೆ ಗಾಳಿಯನ್ನೂ ನೀರನ್ನೂ ಹಿಡಿದುಕೊಳ್ಳುತ್ತದೆ. ಅಮೆರಿಕದ ಆಹಾರ ನಿಯಮದ ಪ್ರಕಾರ ಕ್ರೀಮ್ ಚೀಸ್‌ನಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇ 33 ಇರಬೇಕು, ನೀರಿನ ಅಂಶ ಶೇ 55ನ್ನು ಮೀರಬಾರದು. ಇದನ್ನು ನಮ್ಮ ಕಟ್ಟಿದ ಮೊಸರಿನ ಜೊತೆ ಹೋಲಿಸಿ ನೋಡಿ. ಶೇ 6 ಕೊಬ್ಬಿನ 1 ಲೀಟರ್ ಹಾಲಿನಲ್ಲಿ ಸುಮಾರು 60 ಗ್ರಾಂ ಕೊಬ್ಬಿರುತ್ತದೆ; ಅದನ್ನು ಹೆಪ್ಪು ಹಾಕಿ ಕಟ್ಟಿದರೆ ಹೆಚ್ಚುಕಡಿಮೆ 400 ಗ್ರಾಂ ಗಟ್ಟಿ ಮೊಸರು ಸಿಗುತ್ತದೆ. ಅಂದರೆ ಅದರಲ್ಲಿ ಕೊಬ್ಬು ಶೇ 15ರ ಆಸುಪಾಸು. ಕ್ರೀಮ್ ಚೀಸ್‌ನ ಬದಲು ಅಷ್ಟೇ ತೂಕದ ಕಟ್ಟಿದ ಮೊಸರು ಹಾಕಿ ಎಂದು ಹೇಳುವ ಪಾಕವಿಧಾನಗಳು ಸೋಲುವುದು ಈ ಲೆಕ್ಕದಲ್ಲಿಯೇ. ಮೊಸರಿನ ರುಚಿಗೆ ಯಾವ ಕೊರತೆಯೂ ಇಲ್ಲ, ಆದರೆ ಕೇಕನ್ನು ನೆಟ್ಟಗೆ ನಿಲ್ಲಿಸಲು ಅದೊಂದರಿಂದಲೇ ಆಗುವುದಿಲ್ಲ.

ಎರಡನೆಯದು ಚೈನಾ ಗ್ರಾಸ್, ಅಂದರೆ ಅಗರ್. ಇದು ಕೆಂಪು ಬಣ್ಣದ ಸಮುದ್ರ ಪಾಚಿಗಳಿಂದ ತೆಗೆಯುವ ಸಸ್ಯಮೂಲದ ವಸ್ತು. ಕುದಿಯುವ ನೀರಿನಲ್ಲಿ ಮಾತ್ರ ಪೂರ್ತಿ ಕರಗುತ್ತದೆ, 35ರಿಂದ 40 ಡಿಗ್ರಿಗೆ ಇಳಿದಾಗ ಕಟ್ಟಿಕೊಳ್ಳುತ್ತದೆ, ಒಮ್ಮೆ ಕಟ್ಟಿಕೊಂಡ ಮೇಲೆ 85 ಡಿಗ್ರಿಯ ಹತ್ತಿರ ಹೋಗುವ ತನಕ ಕರಗುವುದಿಲ್ಲ. ಮೂರನೆಯದು ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತಯಾರಾಗುವ ಜೆಲಾಟಿನ್. ಅದು ಸುಮಾರು 35 ಡಿಗ್ರಿಯಲ್ಲೇ ಕರಗುವುದರಿಂದ ಬಾಯಿಗಿಟ್ಟ ಕೂಡಲೇ ನೀರಾಗುವ ನಯ ಅದಕ್ಕಿದೆ. ಅಗರ್‌ಗೆ ಆ ನಯವಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂತಹ ಊರುಗಳಲ್ಲಿ ಜೆಲಾಟಿನ್ ಹಾಕಿದ ಕೇಕನ್ನು ಮೇಜಿನ ಮೇಲಿಟ್ಟು ಮಾತಾಡುತ್ತ ಕುಳಿತರೆ ಅದು ಕಣ್ಣೆದುರೇ ಜಾರತೊಡಗುತ್ತದೆ. ಸಸ್ಯಾಹಾರಿಗಳು ಬರುವ ಮನೆಯಲ್ಲಿ ಅದನ್ನು ಬಳಸುವಂತೆಯೂ ಇಲ್ಲ. ಈ ಎರಡು ಕಾರಣಗಳಿಂದ ನಾನು ಮುಖ್ಯ ವಿಧಾನವನ್ನು ಅಗರ್ ಇಟ್ಟುಕೊಂಡೇ ವಿವರಿಸುತ್ತೇನೆ. ಜೆಲಾಟಿನ್‌ನಲ್ಲೇ ಮಾಡಬೇಕೆನ್ನುವವರು ಇಲ್ಲಿ ಹೇಳುವ ಪ್ರಮಾಣದ ಮಿಶ್ರಣಕ್ಕೆ 9 ಗ್ರಾಂ ಪುಡಿಯನ್ನು 50 ಮಿ.ಲೀ. ತಣ್ಣೀರಿನಲ್ಲಿ 10 ನಿಮಿಷ ನೆನೆಸಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ ಬೆರೆಸಬೇಕು. ಅದನ್ನು ಎಂದೂ ಕುದಿಸಬಾರದು, ಕುದಿಸಿದರೆ ಅದರ ಹಿಡಿತ ಸಡಿಲಾಗುತ್ತದೆ.

ಮೊಸರು ಕಟ್ಟುವುದು

ಶ್ರೀಖಂಡ ಮಾಡುವ ಉತ್ತರ ಕರ್ನಾಟಕದ ಮನೆಗಳಿಗೆ ಈ ಕೆಲಸವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆದರೂ ಚೀಸ್‌ಕೇಕ್‌ಗೆ ಬೇಕಾದ ಮೊಸರು ಶ್ರೀಖಂಡದ ಮೊಸರಿಗಿಂತ ಇನ್ನೂ ಒಣಗಿರಬೇಕು, ಹುಳಿ ಇನ್ನೂ ಕಡಿಮೆಯಿರಬೇಕು. ಆದಷ್ಟು ಗಟ್ಟಿ ಹಾಲು ಆರಿಸಿಕೊಳ್ಳಿ. ನಂದಿನಿಯ ಸಮೃದ್ಧಿಯಂತಹ ಶೇ 6 ಕೊಬ್ಬಿನ ಹಾಲು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಹಾಲನ್ನು ಕಾಯಿಸಿ, ಬೆರಳು ಅದ್ದಿದರೆ ಹಿತವೆನಿಸುವಷ್ಟು ಬೆಚ್ಚಗಿರುವಾಗ ಹುಳಿಯಿಲ್ಲದ ಮೊಸರಿನಿಂದ ಹೆಪ್ಪು ಹಾಕಿ, ಹೆಪ್ಪುಗಟ್ಟಿದ ಕೂಡಲೇ ಫ್ರಿಡ್ಜ್‌ಗೆ ಸೇರಿಸಿ. ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗೆ ಬಿಟ್ಟ ಮೊಸರು ಬೆಳಗಿನ ಹೊತ್ತಿಗೆ ಹುಳಿಯಾಗಿರುತ್ತದೆ. ಕಟ್ಟಿದಾಗ ಹುಳಿಯ ಸ್ವಲ್ಪ ಭಾಗ ನೀರಿನೊಂದಿಗೆ ಹೋದರೂ ಉಳಿದದ್ದೇ ಕೇಕನ್ನು ಕೆಡಿಸಲು ಸಾಕು.

ಒಂದು ಜರಡಿಯನ್ನು ಆಳವಾದ ಪಾತ್ರೆಯ ಮೇಲಿಟ್ಟು, ಒಗೆದು ಒಣಗಿಸಿದ ತೆಳು ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸಿ, ಮೊಸರನ್ನು ಕದಡದೆ ಸೌಟಿನಿಂದ ಎತ್ತಿ ಹಾಕಿ. ಕದಡಿದ ಮೊಸರು ಬಟ್ಟೆಯ ರಂಧ್ರಗಳಲ್ಲಿ ಕೂತು ನೀರು ಇಳಿಯದಂತೆ ತಡೆಯುತ್ತದೆ. ಬಟ್ಟೆಯ ತುದಿಗಳನ್ನು ಕೂಡಿಸಿ ಗಂಟು ಕಟ್ಟಿ, ಮೇಲೊಂದು ಚಿಕ್ಕ ತಟ್ಟೆ, ಅದರ ಮೇಲೆ ನೀರು ತುಂಬಿದ ಚೊಂಬನ್ನು ಭಾರಕ್ಕಾಗಿ ಇಟ್ಟು, ಇಡಿಯಾಗಿ ಫ್ರಿಡ್ಜ್‌ನೊಳಗೆ 14ರಿಂದ 18 ಗಂಟೆ ಇಡಬೇಕು. ಅಡುಗೆಮನೆಯ ನಲ್ಲಿಗೆ ನೇತುಹಾಕುವ ಪದ್ಧತಿ ಅವಸರದ ಶ್ರೀಖಂಡಕ್ಕೆ ಸರಿ, ಇಲ್ಲಿ ಬೇಡ. ಮೊಸರು ಸಿದ್ಧವಾಗಿದೆಯೇ ಎಂದು ನೋಡಲು ಒಂದು ಚಮಚದಷ್ಟನ್ನು ಒಣ ಬಟ್ಟೆಯ ಮೇಲೆ ಇಟ್ಟು 2 ನಿಮಿಷ ಬಿಡಿ. ಸುತ್ತ ತೇವದ ಉಂಗುರ ಹರಡಿದರೆ ಇನ್ನೂ 3–4 ಗಂಟೆ ಬೇಕು. ಚಮಚದ ಗುರುತು ಕದಲದೆ ಹಾಗೇ ಉಳಿದು, ಬಟ್ಟೆಯಿಂದ ಒಂದೇ ಮುದ್ದೆಯಾಗಿ ಬಿಟ್ಟುಬಂದರೆ ಅದು ಸಿದ್ಧ. ಕೆಳಗೆ ಇಳಿದ ತಿಳಿನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಅದರಷ್ಟು ಒಳ್ಳೆಯದು ಮತ್ತೊಂದಿಲ್ಲ.

ಬಿಸ್ಕತ್ತಿನ ತಳ

18 ಸೆಂ.ಮೀ. ಅಗಲದ, ತಳ ಬಿಚ್ಚುವ ಟಿನ್‌ಗೆ 150 ಗ್ರಾಂ ಬಿಸ್ಕತ್ತು ಸಾಕು. ಮಾರಿ ಬಿಸ್ಕತ್ತಾದರೆ 75 ಗ್ರಾಂ ಬೆಣ್ಣೆ, ಡೈಜೆಸ್ಟಿವ್ ಬಿಸ್ಕತ್ತಾದರೆ 65 ಗ್ರಾಂ. ಮಾರಿಯಲ್ಲಿ ಕೊಬ್ಬು ಕಡಿಮೆ, ಹಿಟ್ಟು ಹೆಚ್ಚು. ರಷ್ಯದ ರಾಜಕುಮಾರಿ ಮಾರಿಯಾಳ ಮದುವೆಯ ನೆನಪಿಗೆ 1874ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ಬಿಸ್ಕತ್ತು ಚಹದ ಜೊತೆಗೆ ಹಗುರಾಗಿ ತಿನ್ನುವಂಥದ್ದು, ಹಾಗಾಗಿ ತಳಕ್ಕೆ ಬೇಕಾದ ಜಿಡ್ಡನ್ನು ನಾವೇ ಕೂಡಿಸಬೇಕು. ನನಗೆ ಮಾರಿಯೇ ಇಷ್ಟ, ಏಕೆಂದರೆ ಅದರ ಸೌಮ್ಯ ರುಚಿ ಮಾವಿನ ಹಣ್ಣಿಗೂ ಏಲಕ್ಕಿಗೂ ಎದುರಾಡುವುದಿಲ್ಲ. ಕೆನೆ ತುಂಬಿದ ಬಿಸ್ಕತ್ತು ಬಳಸುವವರು ಬೆಣ್ಣೆಯನ್ನು 40 ಗ್ರಾಂಗೆ ಇಳಿಸಬೇಕು.

ಬಿಸ್ಕತ್ತನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ಸಣ್ಣ ರವೆಯ ಹದಕ್ಕೆ ತನ್ನಿ. ಪೂರ್ತಿ ನುಣ್ಣಗಾದರೆ ತಳ ಕಲ್ಲಿನಂತಾಗುತ್ತದೆ, ದೊಡ್ಡ ಚೂರು ಉಳಿದರೆ ಕತ್ತರಿಸುವಾಗ ಉದುರುತ್ತದೆ. ಕರಗಿಸಿದ ಬೆಣ್ಣೆ ಬೆರೆಸಿದ ಮೇಲೆ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆಯಾಗಿ ನಿಲ್ಲಬೇಕು, ಬೆರಳು ತಾಗಿಸಿದರೆ ಒಡೆಯಬೇಕು, ಅಂಗೈಗೆ ಜಿಡ್ಡು ಅಂಟಿ ಹೊಳೆಯಬಾರದು. ಟಿನ್‌ನ ತಳಕ್ಕೆ ಬಟರ್ ಪೇಪರ್ ಹಾಕಿ, ಪುಡಿಯನ್ನು ಹರಡಿ, ತಳ ಚಪ್ಪಟೆಯಿರುವ ಸ್ಟೀಲ್ ಲೋಟದಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಬನ್ನಿ. ಅಂಚಿನ ಮೂಲೆಯಲ್ಲಿ ಪುಡಿ ದಪ್ಪವಾಗಿ ಶೇಖರವಾಗುವುದು ಸಾಮಾನ್ಯ, ಅಲ್ಲಿ ಲೋಟವನ್ನು ತಿರುಗಿಸುತ್ತ ಒತ್ತಿದರೆ ಸಮವಾಗುತ್ತದೆ. ಅರ್ಧ ಗಂಟೆ ಫ್ರಿಡ್ಜ್‌ನಲ್ಲಿಡಿ.

ಮೊದಲ ವಿಧಾನ: ಕಟ್ಟಿದ ಮೊಸರು, ಪನೀರ್, ಚೈನಾ ಗ್ರಾಸ್

ಇದಕ್ಕೆ ಕ್ರೀಮ್ ಚೀಸ್ ಬೇಡ, ಬೀಟರ್ ಬೇಡ, ಬೇಕಾದದ್ದೆಲ್ಲ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗುತ್ತದೆ. ಕಟ್ಟಿದ ಮೊಸರು 300 ಗ್ರಾಂ, ಮೆತ್ತನೆಯ ಪನೀರ್ 150 ಗ್ರಾಂ, ಪುಡಿ ಸಕ್ಕರೆ 120 ಗ್ರಾಂ, ಶೇ 25 ಕೊಬ್ಬಿನ ಫ್ರೆಶ್ ಕ್ರೀಮ್ 200 ಮಿ.ಲೀ., ಚೈನಾ ಗ್ರಾಸ್ ಪುಡಿ 4 ಗ್ರಾಂ, ನೀರು 120 ಮಿ.ಲೀ., ಒಂದು ನಿಂಬೆಹಣ್ಣಿನ ಸಿಪ್ಪೆಯ ತುರಿ, ಒಂದು ಚಿಟಿಕೆ ಉಪ್ಪು. ಸಿಪ್ಪೆ ತುರಿಯುವಾಗ ಹಳದಿ ಭಾಗ ಮಾತ್ರ ಸಾಕು, ಅದರ ಕೆಳಗಿನ ಬಿಳಿ ಭಾಗ ಕಹಿ.

ಪನೀರ್ ಏಕೆ ಎಂದು ಕೇಳಬಹುದು. ಕ್ರೀಮ್ ಚೀಸ್ ಹುಟ್ಟಿದ್ದೇ ಹೆಚ್ಚಿನ ಕೆನೆಯಿಂದ: 1872ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಎಂಬ ಊರಿನ ಹಾಲಿನ ವ್ಯಾಪಾರಿ ವಿಲಿಯಂ ಲಾರೆನ್ಸ್, ತಾನು ಮಾಡುತ್ತಿದ್ದ ಮೆದು ಚೀಸ್‌ಗೆ ಕೆನೆ ಕೂಡಿಸಿ ಅದನ್ನು ತಯಾರಿಸಿದ. ಪನೀರನ್ನು ಕೆನೆಯೊಂದಿಗೆ ರುಬ್ಬಿದಾಗ ನಾವು ಆ ದಾರಿಯಲ್ಲೇ ಒಂದಿಷ್ಟು ದೂರ ನಡೆದಂತಾಗುತ್ತದೆ. ಪನೀರ್ ಕೇಕ್‌ಗೆ ಮೈ ಕೊಡುತ್ತದೆ, ಮೊಸರು ಹುಳಿ ಕೊಡುತ್ತದೆ. ಮನೆಯಲ್ಲೇ ಒಡೆಸಿ, ಭಾರ ಇಡದೆ ಬರೀ ನೀರು ಬಸಿದ ಪನೀರ್ ಅತ್ಯುತ್ತಮ. ಅಂಗಡಿಯ ಗಟ್ಟಿ ಪನೀರಾದರೆ 15 ನಿಮಿಷ ಬಿಸಿನೀರಿನಲ್ಲಿ ನೆನೆಸಿ ಹಿಂಡಿಕೊಳ್ಳಬೇಕು. ಚೀಸ್ ಎಂಬ ಹೆಸರು ಕಂಡು ಸ್ಯಾಂಡ್‌ವಿಚ್‌ಗೆ ಹಾಕುವ ಉಪ್ಪುಪ್ಪಿನ ಚೀಸ್ ಕ್ಯೂಬ್‌ಗಳನ್ನು ಮಾತ್ರ ಇದಕ್ಕೆ ತರಬೇಡಿ.

ಪನೀರ್ ಮತ್ತು 50 ಮಿ.ಲೀ. ಕ್ರೀಮನ್ನು ಮಿಕ್ಸಿಯ ಚಿಕ್ಕ ಜಾರ್‌ಗೆ ಹಾಕಿ ನುಣ್ಣಗೆ ರುಬ್ಬಿ. ಎರಡು ಬೆರಳ ನಡುವೆ ಉಜ್ಜಿದರೆ ಒಂದು ತರಿಯೂ ಸಿಗಬಾರದು. ಸಿಕ್ಕರೆ ಜಾರ್‌ನ ಬದಿ ಕೆರೆದು ಮತ್ತೆ ತಿರುಗಿಸಿ. ಆದರೆ ಒಂದೇ ಸಮನೆ ಓಡಿಸಿ ಜಾರ್ ಬಿಸಿಯಾಗಲು ಬಿಡಬೇಡಿ, ಕೆನೆಯಿಂದ ಬೆಣ್ಣೆ ಬೇರೆಯಾಗುತ್ತದೆ. ಇದಕ್ಕೆ ಕಟ್ಟಿದ ಮೊಸರು, ಸಕ್ಕರೆ, ಉಪ್ಪು, ಸಿಪ್ಪೆಯ ತುರಿ ಸೇರಿಸಿ ಕೈಯಿಂದಲೇ ವಿಸ್ಕ್ ಮಾಡಿ. ಸಕ್ಕರೆ ಬಿದ್ದ ಕೂಡಲೇ ಮಿಶ್ರಣ ಸಡಿಲಾಗುವುದನ್ನು ನೋಡಿ ಗಾಬರಿಯಾಗಬೇಕಿಲ್ಲ, ಅದು ಮೊಸರಿನಲ್ಲಿ ಉಳಿದ ನೀರನ್ನು ಎಳೆದು ಕರಗುವ ರೀತಿಯೇ ಹಾಗೆ. ಈಗ ರುಚಿ ನೋಡಿ: ನಾಲಿಗೆಗೆ ಸ್ವಲ್ಪ ಹೆಚ್ಚೇ ಸಿಹಿ ಎನಿಸಬೇಕು. ತಣ್ಣಗಾದ ಮೇಲೆ ಸಿಹಿ ಮಂದವಾಗುತ್ತದೆ.

ಮುಂದಿನ ಹಂತ ಇಡೀ ಕೆಲಸದ ಜೀವಾಳ. ನಾನು ಮೊದಲ ಸಲ ಮಾಡಿದಾಗ ಫ್ರಿಡ್ಜ್‌ನಿಂದ ಆಗಷ್ಟೇ ತೆಗೆದ ಮೊಸರಿಗೆ ಕುದಿಯುವ ಅಗರ್ ಸುರಿದೆ. ತಣ್ಣನೆಯ ಮೊಸರು ತಾಗಿದಲ್ಲೆಲ್ಲ ಅದು ಆ ಕ್ಷಣವೇ ಕಟ್ಟಿಕೊಂಡು, ಶಾವಿಗೆಯಂತಹ ಎಳೆಗಳು ಮಿಶ್ರಣದ ತುಂಬ ಹರಡಿದವು. ಜರಡಿ ಹಿಡಿದು ಸೋಸಿದೆ, ಎಳೆಗಳು ಹೋದವು, ಅವುಗಳೊಂದಿಗೆ ಕೇಕನ್ನು ನಿಲ್ಲಿಸಬೇಕಾದ ಅಗರ್ ಕೂಡ ಹೋಯಿತು. ಅಂದಿನಿಂದ ಈ ಹಂತಕ್ಕೆ ಬರುವ ಮೊದಲು ಪಾತ್ರೆಯನ್ನು ಮುಟ್ಟಿ ನೋಡದೆ ನಾನು ಮುಂದೆ ಹೋಗುವುದಿಲ್ಲ.

ಲೆಕ್ಕ ಹೀಗಿದೆ. ಮೊಸರಿನ ಮಿಶ್ರಣ ಸುಮಾರು 620 ಗ್ರಾಂ, ಅದಕ್ಕೆ ಸೇರುವ ಬಿಸಿ ದ್ರವ ಸುಮಾರು 250 ಗ್ರಾಂ. ಬಿಸಿ ದ್ರವ 80 ಡಿಗ್ರಿ ಇದ್ದು, ಮಿಶ್ರಣ ಬೆಂಗಳೂರಿನ ಡಿಸೆಂಬರ್ ತಿಂಗಳ 20 ಡಿಗ್ರಿಯಲ್ಲಿದ್ದರೆ ಎರಡೂ ಕೂಡಿದ ಮೇಲೆ 37 ಡಿಗ್ರಿ ಮಾತ್ರ ಆಗುತ್ತದೆ, ಅಂದರೆ ಅಗರ್ ಕಟ್ಟಿಕೊಳ್ಳುವ ಬಿಂದುವಿಗೇ ಬಂದು ನಿಂತಂತೆ. ಅದೇ ಮಿಶ್ರಣ 35 ಡಿಗ್ರಿ ಇದ್ದರೆ ಕೂಡಿದ ಮೇಲೆ 48 ಡಿಗ್ರಿ ಆಗುತ್ತದೆ. ಬೆರೆಸಿ ಟಿನ್‌ಗೆ ಸುರಿಯಲು ನಿಮಗೆ ಬೇಕಾದಷ್ಟು ಸಮಯ ಸಿಗುತ್ತದೆ. ಆದ್ದರಿಂದ ಮಿಶ್ರಣದ ಪಾತ್ರೆಯನ್ನು ಬೆಚ್ಚಗಿನ ನೀರು ತುಂಬಿದ ಅಗಲವಾದ ಪಾತ್ರೆಯೊಳಗೆ 10–15 ನಿಮಿಷ ಇಟ್ಟು, ಆಗಾಗ ಕಲಕುತ್ತ ಉಗುರುಬೆಚ್ಚಗೆ ಮಾಡಿಕೊಳ್ಳಿ. ಥರ್ಮಾಮೀಟರ್ ಇಲ್ಲದವರು ಒಂದು ಹನಿಯನ್ನು ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟು ನೋಡಲಿ, ತಣ್ಣಗೂ ಅಲ್ಲ ಬಿಸಿಯೂ ಅಲ್ಲ ಎನಿಸಿದರೆ ಸರಿಯಾಗಿದೆ.

ಅಗರ್ ಪುಡಿಯನ್ನು 120 ಮಿ.ಲೀ. ತಣ್ಣೀರಿನಲ್ಲಿ ಕದಡಿ 5 ನಿಮಿಷ ಬಿಟ್ಟು, ಆಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿ ಬರಿಸಿ, ಕುದಿ ಬಂದ ಮೇಲೆ ಪೂರ್ತಿ 2 ನಿಮಿಷ ಕುದಿಸಬೇಕು. ಕಡ್ಡಿ ರೂಪದ ಚೈನಾ ಗ್ರಾಸ್ ಆದರೆ 5 ಗ್ರಾಂ ತೆಗೆದುಕೊಂಡು, ಕತ್ತರಿಸಿ ಅರ್ಧ ಗಂಟೆ ನೆನೆಸಿ, 6–8 ನಿಮಿಷ ಕುದಿಸಿ ಸೋಸಿಕೊಳ್ಳಬೇಕು. ಕುದಿಯುವಾಗ ಹೆಚ್ಚು ಆವಿಯಾಗುವುದರಿಂದ ಕಡ್ಡಿಗೆ 180 ಮಿ.ಲೀ. ನೀರಿಟ್ಟುಕೊಳ್ಳಿ. ಚಮಚವನ್ನು ಅದ್ದಿ ಬೆಳಕಿಗೆ ಹಿಡಿದಾಗ ಅದರ ಬೆನ್ನಿನ ಮೇಲೆ ಕಣಗಳು ಕಾಣದಿದ್ದರೆ ಕರಗಿದೆ ಎಂದರ್ಥ. ಉಳಿದ 150 ಮಿ.ಲೀ. ಕ್ರೀಮನ್ನು ಇದಕ್ಕೆ ನಿಧಾನವಾಗಿ ಸೇರಿಸಿ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವ ತನಕ ಕಾಯಿಸಿ ಒಲೆ ಆರಿಸಿ. ಒಂದು ಕೈಯಲ್ಲಿ ಇದನ್ನು ಸಣ್ಣ ಧಾರೆಯಾಗಿ ಬೆಚ್ಚಗಿನ ಮಿಶ್ರಣಕ್ಕೆ ಸುರಿಯುತ್ತ, ಇನ್ನೊಂದು ಕೈಯಲ್ಲಿ ನಿಲ್ಲಿಸದೆ ವಿಸ್ಕ್ ಮಾಡಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಸುರಿಯುವ ಕೆಲಸ ಅವರಿಗೆ ಕೊಡಿ. ಕೂಡಲೇ ತಳ ಸಿದ್ಧವಿರುವ ಟಿನ್‌ಗೆ ಹಾಕಿ, ಟಿನ್ನನ್ನು ಮೇಜಿಗೆ ಎರಡು ಸಲ ಮೆಲ್ಲಗೆ ತಟ್ಟಿ ಗುಳ್ಳೆಗಳನ್ನು ಮೇಲೆ ಬರಿಸಿ. ಹೊರಗೆ 20 ನಿಮಿಷ ಆರಿದ ಬಳಿಕ ಫ್ರಿಡ್ಜ್‌ಗೆ. ಒಂದು ಗಂಟೆಯೊಳಗೆ ಕಟ್ಟಿಕೊಂಡಿರುತ್ತದೆಯಾದರೂ ನಡುಭಾಗ ಪೂರ್ತಿ ತಣ್ಣಗಾಗಿ ರುಚಿ ಕೂಡಿಬರಲು 4 ಗಂಟೆ ಬೇಕೇ ಬೇಕು.

ಎರಡನೆಯ ವಿಧಾನ: ಕ್ರೀಮ್ ಚೀಸ್ ಮತ್ತು ಉಬ್ಬಿಸಿದ ಕೆನೆ

ಇಲ್ಲಿ ಹಿಡಿದು ನಿಲ್ಲಿಸುವುದು ಕೊಬ್ಬು ಮಾತ್ರ. ಹೆಚ್ಚು ಖರ್ಚಿನದು, ಹೆಚ್ಚು ನಯವಾದದ್ದು ಕೂಡ. ಕ್ರೀಮ್ ಚೀಸ್ 250 ಗ್ರಾಂ, ಕಟ್ಟಿದ ಮೊಸರು 150 ಗ್ರಾಂ, ಪುಡಿ ಸಕ್ಕರೆ 90 ಗ್ರಾಂ, ನಿಂಬೆರಸ 2 ಚಿಕ್ಕ ಚಮಚ, ವಿಪ್ಪಿಂಗ್ ಕ್ರೀಮ್ 250 ಮಿ.ಲೀ. ಕೆನೆ ಉಬ್ಬಬೇಕಾದರೆ ಅದರಲ್ಲಿ ಕೊಬ್ಬು ಕನಿಷ್ಠ ಶೇ 30 ಇರಬೇಕು. ಶೇ 25ರ ಫ್ರೆಶ್ ಕ್ರೀಮನ್ನು ಎಷ್ಟು ಹೊತ್ತು ಕಡೆದರೂ ಅದು ಗಟ್ಟಿಯಾಗಿ ನಿಲ್ಲುವುದಿಲ್ಲ. ಹಾಲು ಕಾಯಿಸಿದ ಮೇಲೆ ತೆಗೆದ ಮನೆಯ ಕೆನೆ ಇದಕ್ಕೆ ಬಾರದು, ಅದನ್ನು ಬೆಣ್ಣೆಗೇ ಇಡಿ. ಬೇಕರಿಗಳಲ್ಲಿ ಕೇಕಿನ ಮೇಲೆ ಹಾಕುವ, ಸಸ್ಯಜನ್ಯ ಕೊಬ್ಬಿನ ಕ್ರೀಮ್ ಸುಲಭವಾಗಿ ಉಬ್ಬುತ್ತದೆ, ಸೆಕೆಯನ್ನೂ ತಡೆಯುತ್ತದೆ. ಆದರೆ ಅದು ಸಾಮಾನ್ಯವಾಗಿ ಮೊದಲೇ ಸಿಹಿಯಾಗಿರುವುದರಿಂದ ಸಕ್ಕರೆಯನ್ನು 40 ಗ್ರಾಂಗೆ ಇಳಿಸಬೇಕು, ಮತ್ತು ಬಾಯಲ್ಲಿ ಒಂದು ತೆಳು ಮೇಣದ ಪದರ ಉಳಿದಂತಾಗುವುದನ್ನು ಸಹಿಸಬೇಕು. ಹಾಲಿನ ಕೆನೆ ಸಿಗುವಲ್ಲಿ ನಾನು ಅದನ್ನೇ ಆರಿಸುತ್ತೇನೆ.

ಈ ವಿಧಾನದಲ್ಲಿ ಎರಡು ವಸ್ತುಗಳು ಎರಡು ಬೇರೆ ಉಷ್ಣತೆಯಲ್ಲಿರಬೇಕು. ಕ್ರೀಮ್ ಚೀಸ್ ಒಂದು ಗಂಟೆ ಮೊದಲೇ ಹೊರಬಂದು ಮೆತ್ತಗಾಗಿರಬೇಕು. ತಣ್ಣಗಿದ್ದಾಗ ಕಲಸಿದರೆ ಗಂಟುಗಳು ಉಳಿಯುತ್ತವೆ, ಆ ಗಂಟುಗಳು ಆಮೇಲೆ ಎಷ್ಟು ಬೀಟ್ ಮಾಡಿದರೂ ಹೋಗುವುದಿಲ್ಲ. ಕೆನೆ, ಪಾತ್ರೆ, ಬೀಟರ್ ಕಡ್ಡಿಗಳು ಮಾತ್ರ ಕೊನೆಯ ಗಳಿಗೆಯ ತನಕ ಫ್ರಿಡ್ಜ್‌ನಲ್ಲೇ ಇರಬೇಕು. ಮೊಸರು ಕಡೆದು ಬೆಣ್ಣೆ ತೆಗೆದವರಿಗೆ ಇದರ ಕಾರಣ ಗೊತ್ತು: ಬೇಸಿಗೆಯಲ್ಲಿ ಬೆಣ್ಣೆ ಕರಗಿ ಕೂಡಿಕೊಳ್ಳದೆ ಸತಾಯಿಸುವಾಗ ಹಿರಿಯರು ತಣ್ಣೀರು ಹಾಕುತ್ತಿದ್ದರು. ಇಲ್ಲಿಯೂ ಕೊಬ್ಬಿನ ಕಣಗಳು ತಣ್ಣಗೆ ಗಟ್ಟಿಯಾಗಿದ್ದರೆ ಮಾತ್ರ ಒಂದಕ್ಕೊಂದು ತಾಗಿ ಗಾಳಿಯ ಸುತ್ತ ಗೋಡೆ ಕಟ್ಟುತ್ತವೆ. ಪಾತ್ರೆಯನ್ನು ಐಸ್ ತುಂಬಿದ ತಟ್ಟೆಯ ಮೇಲಿಟ್ಟು ನಡುವೇಗದಲ್ಲಿ ಬೀಟ್ ಮಾಡಿ. ಬೀಟರ್ ಹಾದುಹೋದ ಗೆರೆಗಳು ಮುಚ್ಚಿಕೊಳ್ಳದೆ ಉಳಿಯತೊಡಗಿದಾಗ ವೇಗ ತಗ್ಗಿಸಿ. ಬೀಟರ್ ಎತ್ತಿದರೆ ತುದಿ ತುಸು ಬಾಗಿ ನಿಲ್ಲಬೇಕು, ಅಲ್ಲಿಗೆ ನಿಲ್ಲಿಸಿ. ಇದಾದ ಮೇಲೆ ಅರ್ಧ ನಿಮಿಷ ಹೆಚ್ಚಾದರೆ ಕೆನೆಯ ಹೊಳಪು ಹೋಗಿ ತರಿತರಿಯಾಗುತ್ತದೆ, ಇನ್ನೂ ಮುಂದುವರಿದರೆ ಬೆಣ್ಣೆಯೇ ಬರುತ್ತದೆ. ತರಿ ಈಗಷ್ಟೇ ಕಾಣಿಸಿಕೊಂಡಿದ್ದರೆ 2–3 ಚಮಚ ತಣ್ಣನೆಯ ಕೆನೆ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ ಸರಿಪಡಿಸಬಹುದು.

ಕ್ರೀಮ್ ಚೀಸ್, ಸಕ್ಕರೆ, ಮೊಸರು, ನಿಂಬೆರಸ ಕಲಸಿದ ಮಿಶ್ರಣಕ್ಕೆ ಮೊದಲು ಕೆನೆಯ ಮೂರನೆಯ ಒಂದು ಭಾಗವನ್ನು ಸಲೀಸಾಗಿ ಬೆರೆಸಿ ಸಡಿಲಗೊಳಿಸಿ, ಉಳಿದದ್ದನ್ನು ಸ್ಪ್ಯಾಚುಲಾದಿಂದ ತಳದಿಂದ ಮೇಲಕ್ಕೆ ಮಡಚುತ್ತ ಕೂಡಿಸಿ. ಬಿಳಿ ಗೆರೆಗಳು ಮಾಯವಾದ ಕೂಡಲೇ ಕೈ ನಿಲ್ಲಬೇಕು. ಇದಕ್ಕೆ 8 ಗಂಟೆ ಬೇಕು, ರಾತ್ರಿ ಮಾಡಿಟ್ಟು ಬೆಳಗ್ಗೆ ತೆಗೆಯುವುದು ಉತ್ತಮ.

ಮೇಲಿನ ಹಣ್ಣಿನ ಪದರ

ಮಾವಿನ ಕಾಲದಲ್ಲಿ ಬಾದಾಮಿ ಅಥವಾ ಮಲ್ಲಿಕಾ ಹಣ್ಣಿನ ತಿರುಳು ನಾರಿಲ್ಲದೆ ಗಟ್ಟಿಯಾಗಿರುವುದರಿಂದ ಪದರಕ್ಕೆ ಹೇಳಿಮಾಡಿಸಿದಂತಿದೆ. ರಸಪುರಿಯ ಪರಿಮಳ ಇವೆರಡಕ್ಕಿಂತ ಮೇಲು ಎಂದು ನನ್ನ ಅಭಿಪ್ರಾಯ, ಆದರೆ ಅದನ್ನು ಸೋಸಿ, ಸಣ್ಣ ಉರಿಯಲ್ಲಿ ತುಸು ಬತ್ತಿಸಿ ಬಳಸಬೇಕು. 250 ಗ್ರಾಂ ತಿರುಳಿಗೆ ರುಚಿ ನೋಡಿ ಸಕ್ಕರೆ ಹಾಕಿ ಉಗುರುಬೆಚ್ಚಗೆ ಮಾಡಿಕೊಳ್ಳಿ. ಒಂದೂವರೆ ಗ್ರಾಂ ಅಗರ್ ಪುಡಿಯನ್ನು 75 ಮಿ.ಲೀ. ನೀರಿನಲ್ಲಿ ಕುದಿಸಿ ಬೆರೆಸಿ. ಕೆಳಗಿನ ಕೇಕ್ ತೀರಾ ತಣ್ಣಗಾಗಿ ಅದರ ಮೇಲೆ ಜಿಡ್ಡಿನ ಪೊರೆ ಕೂತಿದ್ದರೆ ಮೇಲಿನ ಪದರ ಅಂಟುವುದಿಲ್ಲ, ಕತ್ತರಿಸುವಾಗ ಹಾಗೇ ಜಾರಿ ಬರುತ್ತದೆ. ಇದನ್ನು ತಪ್ಪಿಸಲು ಕೇಕ್ ಕಟ್ಟಿಕೊಂಡ ಒಂದು ಗಂಟೆಯೊಳಗೆ, ಮುಟ್ಟಿದರೆ ಬೆರಳಿಗೆ ತುಸು ಅಂಟುವ ಹಂತದಲ್ಲೇ, ಬೆಚ್ಚಗಿನ ಮಾವಿನ ಮಿಶ್ರಣವನ್ನು ಚಮಚದ ಬೆನ್ನಿನ ಮೇಲೆ ಬೀಳುವಂತೆ ಸುರಿಯಿರಿ. ಎರಡನೆಯ ವಿಧಾನದ ಕೇಕ್ ಬೆಚ್ಚಗಿನ ಪದರವನ್ನು ತಡೆಯದು. ಅದರ ಮೇಲೆ ಹೆಚ್ಚಿದ ಹಣ್ಣನ್ನೋ ಬತ್ತಿಸಿ ಪೂರ್ತಿ ಆರಿಸಿದ ಪಾಕವನ್ನೋ ಬಡಿಸುವಾಗ ಹಾಕಿ.

ಚಳಿಗಾಲದಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಸಕ್ಕರೆ ಹಾಕಿ ಬೇಯಿಸಿ, ಜರಡಿಯಲ್ಲಿ ಬೀಜ ಸೋಸಿ ತೆಗೆದ ಗಟ್ಟಿ ರಸ ಈ ಕೇಕ್‌ಗೆ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ ಹೊರದೇಶದ ಬ್ಲೂಬೆರಿಯ ನೆನಪಾಗುವುದಿಲ್ಲ. ಅನಾನಸ್, ಪರಂಗಿ, ಕಿವಿ ಹಣ್ಣುಗಳ ವಿಷಯದಲ್ಲಿ ಎಚ್ಚರ ಬೇಕು. ಇವುಗಳಲ್ಲಿ ಪ್ರೋಟೀನನ್ನು ತುಂಡರಿಸುವ ಕಿಣ್ವಗಳಿರುವುದರಿಂದ ಹಸಿಯಾಗಿ ಹಾಕಿದರೆ ಜೆಲಾಟಿನ್ ಕಟ್ಟಿಕೊಳ್ಳುವುದೇ ಇಲ್ಲ. ಅಗರ್ ಪ್ರೋಟೀನ್ ಅಲ್ಲದ ಕಾರಣ ಕಟ್ಟಿಕೊಳ್ಳುತ್ತದೆ ನಿಜ, ಆದರೆ ಹಾಲು ಮೊಸರಿನ ಪ್ರೋಟೀನು ಒಡೆದು ಕೆಲವೇ ಗಂಟೆಗಳಲ್ಲಿ ಕೇಕ್ ಕಹಿಯಾಗುತ್ತದೆ. ಈ ಹಣ್ಣುಗಳನ್ನು ಸಕ್ಕರೆಯೊಂದಿಗೆ 5 ನಿಮಿಷ ಕುದಿಸಿಕೊಂಡರೆ ಕಿಣ್ವ ನಾಶವಾಗುತ್ತದೆ.

ಟಿನ್‌ನಿಂದ ತೆಗೆಯುವಾಗ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸುತ್ತ ಅರ್ಧ ನಿಮಿಷ ಒತ್ತಿಹಿಡಿದು, ತೆಳುವಾದ ಚಾಕುವನ್ನು ಅಂಚಿನಲ್ಲಿ ಒಂದು ಸುತ್ತು ಆಡಿಸಿ ಬಿಚ್ಚಿ. ಪ್ರತಿ ತುಂಡು ಕತ್ತರಿಸುವ ಮುನ್ನ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಳ್ಳಬೇಕು. ಇಂಥ ಟಿನ್ ಇಲ್ಲದವರು ಗಾಜಿನ ಲೋಟಗಳಲ್ಲೇ ಪದರ ಪದರವಾಗಿ ಹಾಕಿ ಚಮಚದಿಂದ ತಿನ್ನಲು ಕೊಡಬಹುದು, ಆಗ ಅಗರ್ ಅರ್ಧ ಸಾಕು.

ಇದೇ ಕೈಚಳಕದಿಂದ ಇನ್ನೆರಡು

ಎಳನೀರಿನ ಪುಡ್ಡಿಂಗ್‌ಗೆ ಎಳನೀರು ಮಾರುವವರ ಹತ್ತಿರ ತೆಳು ಗಂಜಿ ಇರುವ ಎರಡು ಕಾಯಿ ಕೇಳಿ ತೆಗೆದುಕೊಳ್ಳಿ. 250 ಮಿ.ಲೀ. ಎಳನೀರಿನಲ್ಲಿ 8 ಗ್ರಾಂ ಕಡ್ಡಿ ಚೈನಾ ಗ್ರಾಸ್ ನೆನೆಸಿ ಕುದಿಸಿ ಕರಗಿಸಿ. ಇನ್ನೊಂದು ಪಾತ್ರೆಯಲ್ಲಿ ಅರ್ಧ ಲೀಟರ್ ಹಾಲು ಮತ್ತು 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಬಿಸಿ ಮಾಡಿ. ಎರಡೂ ಬಿಸಿಯಾಗಿರುವಾಗಲೇ ಸೋಸಿ ಕೂಡಿಸಿ, ಕೈ ತಡೆಯುವಷ್ಟು ಆರಿದ ಮೇಲೆ ರುಬ್ಬಿದ ಗಂಜಿಯನ್ನು ಬೆರೆಸಿ ಬಟ್ಟಲುಗಳಿಗೆ ಹಾಕಿ. ಗಂಜಿಯನ್ನು ಕುದಿಸಬಾರದು, ಕುದಿಸಿದರೆ ಅದರ ಎಳೆತನದ ಪರಿಮಳ ಹೋಗಿ ಕಾಯಿಹಾಲಿನ ವಾಸನೆ ಬರುತ್ತದೆ. ಸ್ವಲ್ಪ ಗಂಜಿಯನ್ನು ರುಬ್ಬದೆ ಸಣ್ಣಗೆ ಹೆಚ್ಚಿ ಹಾಕಿದರೆ ಬಾಯಿಗೆ ಸಿಗುತ್ತದೆ.

ಶ್ರೀಖಂಡಕ್ಕಂತೂ ಅಗರ್‌ನ ಹಂಗೇ ಇಲ್ಲ. 400 ಗ್ರಾಂ ಕಟ್ಟಿದ ಮೊಸರು, 160 ಗ್ರಾಂ ಪುಡಿ ಸಕ್ಕರೆ, ಒಂದು ಚಮಚ ಬಿಸಿ ಹಾಲಿನಲ್ಲಿ ನೆನೆಸಿದ ಕೇಸರಿ, ಏಲಕ್ಕಿ. ಕಲಸಿ ಅರ್ಧ ಗಂಟೆ ಬಿಟ್ಟು, ಸಕ್ಕರೆ ಕರಗಿದ ಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ಸೌಟಿನ ಬೆನ್ನಿನಿಂದ ತಿಕ್ಕಿ ಇಳಿಸಿ. ಮಿಕ್ಸಿಗೆ ಹಾಕಿದರೆ ಮೊಸರಿನ ಕಟ್ಟು ಒಡೆದು ನೀರಾಗುತ್ತದೆ, ಆದ್ದರಿಂದ ಕೈಯ ಶ್ರಮವೇ ಇಲ್ಲಿ ದಾರಿ. ಪೂರಿಯ ಜೊತೆ ಬಡಿಸುವುದು ಸಂಪ್ರದಾಯ. ಮೇಲೆ ಹೇಳಿದ ಬಿಸ್ಕತ್ತಿನ ತಳದ ಮೇಲೆ ಲೋಟದಲ್ಲಿ ಹಾಕಿಟ್ಟರೂ ಒಪ್ಪುತ್ತದೆ.

ಇಟ್ಟುಕೊಳ್ಳುವ ಬಗೆ

ಇವೆಲ್ಲ ಹಾಲಿನ ಪದಾರ್ಥಗಳಾದ್ದರಿಂದ 5 ಡಿಗ್ರಿಗಿಂತ ಕೆಳಗೆ, ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ತೆರೆದಿಟ್ಟರೆ ಫ್ರಿಡ್ಜ್‌ನಲ್ಲಿರುವ ಈರುಳ್ಳಿಯ, ಸಾಂಬಾರಿನ ವಾಸನೆಯನ್ನು ಕೆನೆ ಹೀರಿಕೊಳ್ಳುತ್ತದೆ. ಚೀಸ್‌ಕೇಕ್ 3 ದಿನ, ಎಳನೀರಿನ ಪುಡ್ಡಿಂಗ್ 2 ದಿನ ಚೆನ್ನಾಗಿರುತ್ತದೆ. ಕರೆಂಟು ಹೋದಾಗ ಬಾಗಿಲು ತೆರೆಯದೆ ಇದ್ದರೆ 4 ಗಂಟೆಯ ತನಕ ಭಯವಿಲ್ಲ. ಮೇಜಿನ ಮೇಲೆ 2 ಗಂಟೆಗಿಂತ ಹೆಚ್ಚು ಉಳಿದದ್ದನ್ನು, ಬಿಸಿಲ ಕಾಲದಲ್ಲಿ ಒಂದು ಗಂಟೆಗಿಂತ ಹೆಚ್ಚು ಉಳಿದದ್ದನ್ನು ಮತ್ತೆ ಒಳಗಿಡಬೇಡಿ. ಅಗರ್ ಹಾಕಿದ ಕೇಕನ್ನು ಫ್ರೀಜರ್‌ಗೆ ಹಾಕಿದರೆ ಕರಗುವಾಗ ನೀರು ಬಿಟ್ಟು ಸ್ಪಂಜಿನಂತಾಗುತ್ತದೆ. ಎರಡನೆಯ ವಿಧಾನದ ಕೇಕನ್ನು ಮಾತ್ರ ತುಂಡು ಮಾಡಿ, ಒಂದೊಂದನ್ನೂ ಬಿಗಿಯಾಗಿ ಸುತ್ತಿ ಫ್ರೀಜರ್‌ನಲ್ಲಿ ಒಂದು ತಿಂಗಳು ಇಡಬಹುದು. ತಿನ್ನುವ ಹಿಂದಿನ ರಾತ್ರಿ ಅದನ್ನು ಕೆಳಗಿನ ಫ್ರಿಡ್ಜ್‌ಗೆ ಇಳಿಸಿಟ್ಟರೆ ಬೆಳಗಿನ ಹೊತ್ತಿಗೆ ಮೊದಲಿನ ಹದಕ್ಕೆ ಬಂದಿರುತ್ತದೆ.